ತೋಟಕ್ಕೆ ಬಂದು ನೋಡಿ, ಆಮೇಲೆ ಬೇಡ ಅನ್ನಿ

ಮಾನ್ಯ ಸಂಪಾದಕರೇ,

ನಿಮ್ಮ ಓದುಗರ ಪತ್ರಗಳ ವಿಭಾಗದಲ್ಲಿ ಈಚೆಗೆ ಒಬ್ಬರು ಅಡಿಕೆ ಮರ ಏರುವ ಬೈಕಿನ ಬಗ್ಗೆ ಬರೆದಿದ್ದರು. ಇಂಥ ಯಂತ್ರ ಮೊಬೈಲಿನಲ್ಲಿ ನೋಡೋಕೆ ಚೆಂದ, ತೋಟದಲ್ಲಿ ಕೆಲಸಕ್ಕೆ ಬರುವುದಿಲ್ಲ, ಇದಕ್ಕೆಲ್ಲ ಸರ್ಕಾರ ದುಡ್ಡು ಹಾಕಬಾರದು ಎಂಬುದು ಅವರ ವಾದ. ಪತ್ರವನ್ನು ಪೂರ್ತಿ ಓದಿದೆ. ಅವರು ಆ ಯಂತ್ರವನ್ನು ಹತ್ತಿರ ಹೋಗಿ ನೋಡಿದ್ದಾರೆ, ಯಾರೋ ಏರುವಾಗ ಕೆಳಗೆ ನಿಂತಿದ್ದರು, ಅದನ್ನು ಕೊಂಡವರ ಹತ್ತಿರ ಕೇಳಿದ್ದಾರೆ ಅಂತ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಸುಮ್ನೆ ಬೇಡ ಅಂದುಬಿಟ್ಟಿದ್ದಾರೆ. ನಾನು ಸುಳ್ಯ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಳ್ಳುವವಳು. ಈ ಮಾತಿಗೆ ಉತ್ತರ ಕೊಡಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಷ್ಟ ಏನು ಅಂತ ಹೇಳುತ್ತೇನೆ. ಅಡಿಕೆ ಮರ ಐವತ್ತು, ಅರವತ್ತು ಅಡಿ ಹೋಗುತ್ತದೆ. ಗೊನೆ ಇರುವುದು ತುದಿಯಲ್ಲಿ. ಮಳೆಗಾಲದಲ್ಲಿ ಕೊಳೆರೋಗ, ಅಂದರೆ ಎಳೆ ಕಾಯಿ ಕೊಳೆತು ಉದುರುವ ರೋಗ, ಬರುವುದೂ ಆ ಗೊನೆಗೇ. ಅದಕ್ಕೆ ಮದ್ದು ಬೋರ್ಡೋ ದ್ರಾವಣ, ಅದನ್ನು ಗೊನೆಗೆ ನೇರವಾಗಿ ತಾಗುವ ಹಾಗೆ ಬಿಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮುಂಗಾರಿನ ಹೊತ್ತಿಗೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮಳೆ ಬಿಡದೆ ಹೊಡೆದರೆ ಮೂರನೆಯದ್ದೂ ಬೇಕಾಗುತ್ತದೆ. ಎರಡನೇ ಮದ್ದಿನ ಹೊತ್ತಿಗೆ ಮಳೆ ನಡುವೆ ಬಿಡುವು ಸಿಗುವುದೇ ಅಪರೂಪ. ಸಿಕ್ಕಿದ ದಿನ ಮರ ಏರುವವರು ಸಿಗಬೇಕು. ಅವತ್ತೇ ಊರಿನ ಎಲ್ಲರಿಗೂ ಅವರೇ ಬೇಕು. 2018ರ ಮಳೆಗಾಲದಲ್ಲಿ ನಮ್ಮ ಕಡೆ ಎಷ್ಟೋ ತೋಟಗಳಲ್ಲಿ ಎಳೆ ಅಡಿಕೆ ಮರದ ಬುಡದಲ್ಲಿ ಹಾಸಿಕೊಂಡು ಬಿದ್ದಿತ್ತು. ಮದ್ದು ತಂದಿಟ್ಟಿದ್ದರು, ಪಂಪ್ ಇತ್ತು, ಏರುವ ಜನ ಸಿಗಲಿಲ್ಲ ಅಷ್ಟೆ.

ನಮ್ಮ ತೋಟಕ್ಕೆ ಮಾವನವರ ಕಾಲದಿಂದ ಬರುವ ಒಬ್ಬರಿದ್ದಾರೆ. ಕಾಲಿಗೆ ತಳೆ, ಅಂದರೆ ಹಗ್ಗದ ಬಳೆ, ಹಾಕಿ ಏರಿದರೆ ಒಂದು ಮರದಿಂದ ಇನ್ನೊಂದಕ್ಕೆ ಹಾಗೆಯೇ ಬಾಗಿ ದಾಟುತ್ತಿದ್ದರು, ಕೆಳಗೆ ಇಳಿಯುತ್ತಲೇ ಇರಲಿಲ್ಲ. ಈಗ ಅವರಿಗೆ ಅರವತ್ತು ದಾಟಿದೆ. ಮಂಡಿ ನೋವು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಇದ್ದಾರೆ. ಮಕ್ಕಳಿಗೆ ಈ ಕೆಲಸ ಕಲಿಸಿಲ್ಲ, ಕಲಿಸುವ ಮನಸ್ಸೂ ಇರಲಿಲ್ಲ ಅನ್ನುತ್ತಾರೆ. ಅವರು ಹೇಳುವುದು ಸರಿಯೇ. ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಹೀಗಿರುವಾಗ, ಜನ ಇದ್ದಾರಲ್ಲ, ಯಂತ್ರ ಯಾಕೆ ಅಂತ ಕೇಳುವವರಿಗೆ ಏನು ಹೇಳುವುದು?

ಈಗ ಆ ಬೈಕಿನ ವಿಷಯ. ಅದನ್ನು ಮಾಡಿದವರು ಬಂಟ್ವಾಳ ತಾಲ್ಲೂಕು ಸಜೀಪಮೂಡದ ಗಣಪತಿ ಭಟ್ಟರು. ಅವರೂ ಅಡಿಕೆ ಬೆಳೆಗಾರರೇ. ಏರುವವರು ಸಿಗುತ್ತಿಲ್ಲ, ತನಗೂ ವಯಸ್ಸಾಗುತ್ತಿದೆ ಅನ್ನುವ ಚಿಂತೆಯಲ್ಲಿ 2014ರಲ್ಲಿ ಈ ಕೆಲಸಕ್ಕೆ ಕೈ ಹಾಕಿದರು. ಜೊತೆಗೆ ಒಬ್ಬ ಎಂಜಿನಿಯರ್ ಇದ್ದರು. ಇಬ್ಬರೂ ಸೇರಿ ಸುಮಾರು 40 ಲಕ್ಷ ರೂಪಾಯಿ ಹಾಕಿದ್ದಾರೆ ಅಂತ ಸುದ್ದಿ ಬಂದಿತ್ತು. ನಿನಗೇನು ಹುಚ್ಚಾ, ಮರ ಹತ್ತುವ ಬೈಕ್ ಮಾಡ್ತೀಯಾ ಅಂತ ಕೇಳಿದವರಿದ್ದರು. ಮಳೆಗೆ ಮರ ಜಾರುತ್ತದೆ, ಅದರಲ್ಲಿ ಏರಲು ಸಾಧ್ಯವೇ ಇಲ್ಲ ಅಂದವರಿದ್ದರು. 2019ರಲ್ಲಿ ಅವರು ಏರಿ ತೋರಿಸಿದ ವಿಡಿಯೊ ದೇಶವೆಲ್ಲ ಸುತ್ತಿತು. ಆಮೇಲೆ 2022ರ ಹೊತ್ತಿಗೆ 300ಕ್ಕೂ ಜಾಸ್ತಿ ಯಂತ್ರಗಳು ಮಾರಾಟವಾಗಿದ್ದವು. ಆಗ ಬೆಲೆ 62,000 ರೂಪಾಯಿ ಇತ್ತು. ವಿಡಿಯೊ ನೋಡಿ ಖುಷಿಪಡುವುದಕ್ಕೆ ಯಾರೂ ಅಷ್ಟು ದುಡ್ಡು ಕೊಡುವುದಿಲ್ಲ.

ಬಂಟ್ವಾಳ ಕಡೆಯ ನೆಂಟರ ತೋಟದಲ್ಲಿ ನಾನು ಅದನ್ನು ನೋಡಿದ್ದೇನೆ. ತೂಕ ಸುಮಾರು 28 ಕಿಲೋ. ಸಣ್ಣ ಟೂ ಸ್ಟ್ರೋಕ್ ಎಂಜಿನ್, ಕೂರಲು ಸೀಟು, ಸೊಂಟಕ್ಕೆ ಬೆಲ್ಟ್, ಕೈಯಲ್ಲಿ ಎಕ್ಸಿಲೇಟರ್ ಮತ್ತು ಬ್ರೇಕ್. ರಬ್ಬರ್ ಚಕ್ರಗಳು ಮರವನ್ನು ಅಪ್ಪಿ ಹಿಡಿಯುತ್ತವೆ. ಕೂತವರ ಭಾರ ಜಾಸ್ತಿಯಾದಷ್ಟೂ ಹಿಡಿತ ಬಿಗಿಯಾಗುತ್ತದೆ ಅಂತ ನೆಂಟರ ಮಗ ಹೇಳಿದ. ಅವತ್ತು ಜಿಟಿ ಜಿಟಿ ಮಳೆ. ಹುಡುಗ ಬೆಲ್ಟ್ ಎಳೆದು ನೋಡಿದ, ಬ್ರೇಕ್ ಎರಡು ಸಲ ಒತ್ತಿ ನೋಡಿದ, ಆಮೇಲೆ ಹೊರಟ. ಅರ್ಧ ನಿಮಿಷದಲ್ಲಿ ತುದಿಯಲ್ಲಿದ್ದ. ಪಾಚಿ ಹಿಡಿದ ಒಂದು ಮರದಲ್ಲಿ ಚಕ್ರ ಒಂದು ಗೇಣು ಜಾರಿತು. ನನ್ನ ಎದೆ ಧಸಕ್ ಅಂದಿತು. ಬ್ರೇಕ್ ಹಿಡಿಯಿತು. ಅವನು ಅಲ್ಲೇ ನಿಂತು, ಚಕ್ರಕ್ಕೆ ಮೆತ್ತಿದ ಪಾಚಿಯನ್ನು ಬಟ್ಟೆಯಲ್ಲಿ ಒರೆಸಿ, ಮತ್ತೆ ಏರಿದ. ತುದಿಯಲ್ಲಿ ಕೂತು ಸುತ್ತಲಿನ ನಾಲ್ಕೈದು ಮರಗಳ ಗೊನೆಗೂ ಮದ್ದು ಬಿಟ್ಟ. ಕೆಳಗೆ ಬಂದಾಗ ಕೈಕಾಲು ನಡುಗುತ್ತಿರಲಿಲ್ಲ, ಎದೆ ಉಜ್ಜಿ ಗಾಯ ಆಗಿರಲಿಲ್ಲ. ತಳೆ ಹಾಕಿ ಏರುವವರ ಎದೆ, ಪಾದ ನೋಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು.

ಕೊರತೆ ಇಲ್ಲವೇ? ಇದೆ. ಇಳಿಜಾರಿನ ತೋಟದಲ್ಲಿ 28 ಕಿಲೋ ಹೊತ್ತು ಮರದಿಂದ ಮರಕ್ಕೆ ಹೋಗುವುದು ಸುಲಭವಲ್ಲ. ಪ್ರತಿ ಸಲ ಕೆಳಗೆ ಇಳಿದು ಇನ್ನೊಂದು ಮರಕ್ಕೆ ಕಟ್ಟಬೇಕು. ಸೊಟ್ಟ ಮರಕ್ಕೆ ಆಗುವುದಿಲ್ಲ. ಸಣ್ಣ ಹಿಡುವಳಿಯವರಿಗೆ ಬೆಲೆ ದುಬಾರಿ. ಇವೆಲ್ಲ ನಿಜವೇ. ಆದರೆ ಈ ಕೊರತೆಗಳನ್ನು ನಮಗೆ ಹೇಳಿದವರು ಯಾರು? ಆ ಯಂತ್ರ ಬಳಸುವವರೇ. ಪೇಟೆಯಲ್ಲಿ ಕೂತು ಬೇಡ ಅಂದವರಲ್ಲ. ಬಳಸುವವರು ಕೊರತೆ ಹೇಳಿದಾಗ ಅದನ್ನು ಸರಿ ಮಾಡಲು ಆಗುತ್ತದೆ. ತೂಕ ಇಳಿಸುವುದು ಹೇಗೆ, ಚಕ್ರದ ರಬ್ಬರ್ ಯಾವುದು ಹಾಕಬೇಕು ಅಂತ ಮಾತು ಮುಂದೆ ಹೋಗುತ್ತದೆ. ಬೇಡ ಅಂದುಬಿಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಅಲ್ವಾ?

ನಮ್ಮ ಮನೆಯಲ್ಲಿ ಇರುವುದು ಬೈಕ್ ಅಲ್ಲ. ಎಂಜಿನ್ ಇಲ್ಲದ, ಕಾಲಿನಿಂದ ಏರುವ ಸಾಧನ. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ.ಜೆ. ಜೋಸೆಫ್ ಅನ್ನುವ ರೈತರು ಮಾಡಿದ ಮಾದರಿ ಅದು. ಎರಡು ಕಬ್ಬಿಣದ ಚೌಕಟ್ಟು, ಎರಡಕ್ಕೂ ಮರ ಸುತ್ತಿ ಬರುವ ಉಕ್ಕಿನ ಹಗ್ಗ. ಒಂದರ ಮೇಲೆ ಭಾರ ಹಾಕಿ ನಿಂತರೆ ಅದು ಮರಕ್ಕೆ ಕಚ್ಚಿಕೊಳ್ಳುತ್ತದೆ. ಆಗ ಇನ್ನೊಂದನ್ನು ಕಾಲಿನಿಂದಲೇ ಮೇಲಕ್ಕೆ ಎತ್ತಬೇಕು. ಹೀಗೆ ಬಲಗಾಲು, ಎಡಗಾಲು. ಮೆಟ್ಟಿಲು ಹತ್ತಿದ ಹಾಗೇ. ನಮ್ಮ ಅಂಗಳದ ತೆಂಗಿನ ಮರಗಳಿಗೆ ಈಗ ನನ್ನ ಸೊಸೆ ಏರುತ್ತಾಳೆ. ಅವಳು ಬಿ.ಕಾಂ. ಓದಿದವಳು, ಮದುವೆಯಾಗಿ ಬರುವ ಮೊದಲು ಮರ ಏರಿದವಳೇ ಅಲ್ಲ. ಮೊದಲ ದಿನ ನೋಡಲು ಬಂದ ಅಕ್ಕಪಕ್ಕದವರಲ್ಲಿ ಅರ್ಧ ಜನ ಅದು ಜಾರುತ್ತದೆ ಅಂದರು, ಉಳಿದವರು ಹೆಂಗಸರು ಮರ ಏರುವುದಾ ಅಂದರು. ಅವಳು ಉತ್ತರ ಕೊಡಲಿಲ್ಲ. ಮೂರಾಳು ಎತ್ತರಕ್ಕೆ ಹೋಗಿ ಎರಡೂ ಕೈ ಬಿಟ್ಟು ನಿಂತಳು. ಹಗ್ಗ ತೊಗಟೆಗೆ ಕಚ್ಚಿ ಕಿರ್ ಅಂದಿತು, ಅಲ್ಲಾಡಲಿಲ್ಲ. ಆಮೇಲೆ ಆ ಮಾತು ಎತ್ತಿದವರಲ್ಲಿ ಇಬ್ಬರು ಅದನ್ನು ಕೇಳಿ ತೆಗೆದುಕೊಂಡು ಹೋಗಿ ತಮ್ಮ ಮರದ ಕಾಯಿ ಕೊಯ್ದರು.

ಆ ಸಾಧನ ನಮ್ಮ ಮನೆಯವರೆಗೆ ಬಂದದ್ದು ಹೇಗೆ ಅನ್ನುವುದು ಮುಖ್ಯ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರ ಏರುವ ತರಬೇತಿ ಶುರು ಮಾಡಿತು. ಫ್ರೆಂಡ್ಸ್ ಆಫ್ ಕೋಕೊನಟ್ ಟ್ರೀ ಅಂತ ಹೆಸರು. ಅಲ್ಲಿ ಬಳಸಿದ್ದು ಈ ರೈತ ಮಾಡಿದ ಮಾದರಿಯನ್ನೇ. ಕಲಿತವರಿಗೆ ಸಾಧನ ಕೊಟ್ಟರು, ಅಪಘಾತ ವಿಮೆ ಮಾಡಿಸಿದರು. ಯುವಕರು, ಹೆಂಗಸರು ಸಾವಿರಗಟ್ಟಲೆ ಕಲಿತರು. ಮಂಡಳಿಯವರು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿ ಬರಲಿಲ್ಲ. ಕೆಲಸ ಮಾಡುತ್ತಿದ್ದ ಒಂದು ವಸ್ತು ಕಣ್ಣ ಮುಂದೆ ಇತ್ತು, ಅದರ ಬೆನ್ನಿಗೆ ನಿಂತರು. ನಾನು ಕೇಳುತ್ತಿರುವುದೂ ಇಷ್ಟೇ.

ಬೆನ್ನಿಗೆ ಯಾರೂ ನಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಅವರನ್ನು ನೋಡಬೇಕು. ಒಣಭೂಮಿಯಲ್ಲಿ ಹುಣಸೆ ತೋಪು ಮಾಡಿದರು. ಹಣ್ಣು ಬಂತು, ಬೀಜ ಬಿಡಿಸಲು ಕೂಲಿ ಪೂರೈಸಲಿಲ್ಲ. ಅದಕ್ಕೊಂದು ಯಂತ್ರ ಮಾಡಲು ಹೊರಟರು. ಊರಿನವರು ‘ಹುಣಸೆ ಹುಚ್ಚ’ ಅಂತ ಕರೆದರು. ಯಂತ್ರ ಆಯಿತು. ಆದರೆ ಮೈಮೇಲೆ ಸಾಲ ಬಂದಿತ್ತು. ಆಮೇಲೆ ಅವರ ಬಿತ್ತುವ ಕೂರಿಗೆ ಉತ್ತರ ಕರ್ನಾಟಕದ ಹೊಲಗಳಲ್ಲಿ ಓಡಾಡಿತು. ಬೀಜ, ಗೊಬ್ಬರ ಎರಡನ್ನೂ ಒಟ್ಟಿಗೆ ಬಿತ್ತುವ ಕೂರಿಗೆ ಅದು. ಕಬ್ಬು ನಾಟಿಗೆ ಒಂದು ಯಂತ್ರ, ಸ್ನಾನದ ನೀರು ಕಾಯಿಸಲು ಒಂದು ಬಾಯ್ಲರ್, ಹೀಗೆ ಮಾಡುತ್ತಲೇ ಹೋದರು. 2022ರಲ್ಲಿ ಪದ್ಮಶ್ರೀ ಬಂತು. ನಮಗೆಲ್ಲ ಹೆಮ್ಮೆ. ಆದರೆ ಪದ್ಮಶ್ರೀ ಬರುವುದಕ್ಕೆ ಮೊದಲಿನ ಆ ಸಾಲದ ವರ್ಷಗಳ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಸೋಲಿನ ನಷ್ಟ ಪೂರ್ತಿ ಮಾಡಿದವರ ತಲೆಗೆ. ಗೆದ್ದ ಮೇಲೆ ಲಾಭ ಊರಿಗೆಲ್ಲ. ಸಂಶಯ ಹೇಳಿದವರಿಗೆ ಒಂದು ಪೈಸೆ ಖರ್ಚಿಲ್ಲ. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಯಾರು ಏನು ತಂದು ತೋರಿಸಿದರೂ ನಂಬಬೇಕಾ ಅಂತ ಕೇಳಬಹುದು. ಬೇಡ. 1996ರಲ್ಲಿ ತಮಿಳುನಾಡಿನ ಒಬ್ಬರು ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆ ಅಂತ ಹೇಳಿ ದೇಶವನ್ನೇ ನಂಬಿಸಿದ್ದರು. ವಿಜ್ಞಾನಿಗಳು ತಮ್ಮ ಮುಂದೆಯೇ ಮಾಡಿಸಿ ನೋಡಿದಾಗ ಬಣ್ಣ ಬಯಲಾಯಿತು. ಅಲ್ಲಿ ಸಂಶಯಪಟ್ಟವರು ಒಳ್ಳೆಯ ಕೆಲಸ ಮಾಡಿದರು, ಯಾಕೆಂದರೆ ಅವರು ಕೂತು ಬರೆಯಲಿಲ್ಲ, ಮಾಡಿಸಿ ನೋಡಿದರು. ಮರ ಏರುವ ಯಂತ್ರದಲ್ಲಿ ಮುಚ್ಚಿಡಲು ಏನೂ ಇಲ್ಲ. ನಮ್ಮದೇ ಮರ, ನಮ್ಮದೇ ಮಳೆ. ಏರುತ್ತದೆ ಇಲ್ಲವೇ ಏರುವುದಿಲ್ಲ.

ಈ ಕೊಳೆರೋಗದ ಮದ್ದಿನ ಕಥೆಯೂ ಹಾಗೆಯೇ. ಹಿಂದೆ ಮಲೆನಾಡಿನಲ್ಲಿ ಮಳೆಗೆ ಮೊದಲು ಪ್ರತಿ ಗೊನೆಗೂ ಕೊಟ್ಟೆ, ಅಂದರೆ ಮಳೆ ನೀರು ತಾಗದಂತೆ ಹೊದಿಕೆ, ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗಕ್ಕೆ ಕಾರಣ ಯಾವುದೆಂದು ಹುಡುಕಿದರು, 1910ರಲ್ಲಿ ಅದರ ಮೇಲೆ ಪುಸ್ತಿಕೆ ತಂದರು. ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಬಂದ ಬೋರ್ಡೋ ದ್ರಾವಣವನ್ನು ನಮ್ಮ ಅಡಿಕೆ ಗೊನೆಗೆ ಬಿಟ್ಟು ನೋಡಿದ್ದು ಅವರೇ. ಅದು ಕಾಗದದ ಮೇಲಿನ ವಾದ ಆಗಿರಲಿಲ್ಲ, ತೋಟದಲ್ಲಿ ಮಾಡಿದ ಪ್ರಯೋಗ. ನೂರು ವರ್ಷ ದಾಟಿದರೂ ನಾವು ಇಂದಿಗೂ ಅದನ್ನೇ ಕಲಸುತ್ತಿದ್ದೇವೆ.

ಈಗ ದುಡ್ಡಿನ ವಿಷಯ. ಕೃಷಿ ಯಂತ್ರಗಳಿಗೆ ಕೇಂದ್ರದ ಯೋಜನೆಯಲ್ಲಿ ಸಹಾಯಧನ ಇದೆ. ಸಣ್ಣ ರೈತರಿಗೆ, ಮಹಿಳೆಯರಿಗೆ ಅರ್ಧದವರೆಗೂ ಸಿಗುತ್ತದೆ. ಆದರೆ ಯಂತ್ರ ಮಾನ್ಯತೆ ಪಡೆದ ಕೇಂದ್ರದಲ್ಲಿ ಪರೀಕ್ಷೆ ಆಗಿರಬೇಕು. ನಿಯಮ ಸರಿಯಾಗಿಯೇ ಇದೆ, ರೈತರ ಜೀವದ ಪ್ರಶ್ನೆ ಅದು. ತೊಂದರೆ ಇರುವುದು ದಾರಿಯಲ್ಲಿ. ದಕ್ಷಿಣ ಭಾರತಕ್ಕೆ ಇರುವ ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆ ಅನಂತಪುರದ ಗಾರ್ಲದಿನ್ನೆಯಲ್ಲಿದೆ. ಟ್ರ್ಯಾಕ್ಟರ್, ಟಿಲ್ಲರ್‌ಗಳಿಗೆ ಅದು ಒಳ್ಳೆಯ ಜಾಗ. ಅಡಿಕೆ ಮರಕ್ಕೆ, ಅದರ ಪಾಚಿಗೆ, ಆಷಾಢದ ಮಳೆಗೆ ಅಲ್ಲಿ ಏನು ಪರೀಕ್ಷೆ ಮಾಡುವುದು? ನಮ್ಮದೇ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರ ಇದೆ. ಅದು ಈಗ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ (ಸಿಪಿಸಿಆರ್‌ಐ) ಸೇರಿದೆ. ವಿಜ್ಞಾನಿಗಳಿದ್ದಾರೆ, ತೋಟ ಇದೆ, ಮಳೆ ಬೇಕಾದಷ್ಟು ಇದೆ. ಮರ ಏರುವ ಮತ್ತು ಮದ್ದು ಬಿಡುವ ಯಂತ್ರಗಳ ಪರೀಕ್ಷೆಗೆ ಅಲ್ಲಿ ವ್ಯವಸ್ಥೆ ಮಾಡಿ, ವರದಿಗೆ ಮಾನ್ಯತೆ ಕೊಡಿ. ಮೂಲೆಯ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಮಾದರಿ ಇಟ್ಟುಕೊಂಡಿರುವವರ ಹತ್ತಿರ ಪರೀಕ್ಷೆಯ ಶುಲ್ಕ ಕೇಳಬೇಡಿ. ಆ ಖರ್ಚನ್ನು ಸರ್ಕಾರ ಹೊರಲಿ. ಪರೀಕ್ಷೆಯಲ್ಲಿ ಸೋತರೆ ಎಲ್ಲಿ ಸೋತಿತು ಅಂತ ಬರೆದು ಕೊಡಲಿ. ಸರಿ ಮಾಡಿಕೊಂಡು ಮತ್ತೆ ಬರಲು ಬಿಡಲಿ.

ಗೆದ್ದ ಯಂತ್ರಗಳನ್ನು ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ಇಡಬಹುದು. ಯಂತ್ರದ ಜೊತೆ ಕಲಿತ ಒಬ್ಬ ಹುಡುಗನೋ ಹುಡುಗಿಯೋ ಬರಬೇಕು, ವಿಮೆ ಇರಬೇಕು. ಅರ್ಧ ಎಕರೆಯವರು ಅಷ್ಟೊಂದು ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ. ಈ ಕೆಲಸಕ್ಕೆ ಮರ್ಯಾದೆ ಬಂದರೆ ಊರು ಬಿಟ್ಟು ಹೋಗಲು ಮನಸ್ಸಿಲ್ಲದ ಮಕ್ಕಳೂ ಇದ್ದಾರೆ. ನಮ್ಮ ಊರಿನಲ್ಲೇ ಇಬ್ಬರು ನನ್ನ ಸೊಸೆಯ ಹತ್ತಿರ ಕಲಿಸಿಕೊಡಿ ಅಂತ ಬಂದಿದ್ದಾರೆ.

ಹಗುರವಾದ ಕಾರ್ಬನ್ ಫೈಬರಿನ ದೋಟಿ (ಉದ್ದದ ಕೋಲು) ಬಂದ ಮೇಲೆ ಏರುವ ಯಂತ್ರ ಬೇಕಿಲ್ಲ ಅಂತಲೂ ಕೆಲವರು ಹೇಳುತ್ತಾರೆ. ನೆಲದಲ್ಲಿ ನಿಂತೇ ಮದ್ದು ಬಿಡಬಹುದು, ಗೊನೆ ತೆಗೆಯಬಹುದು, ಬೀಳುವ ಭಯವಿಲ್ಲ. ನನಗೂ ದೋಟಿ ಇಷ್ಟ. ಆದರೆ ಅದನ್ನೂ ಮೊದಲು ನೋಡಿದಾಗ ಅಷ್ಟುದ್ದದ ಕೋಲು ಕೈಯಲ್ಲಿ ನಿಲ್ಲುತ್ತದಾ ಅಂತ ಕೇಳಿದ್ದರಲ್ಲ. ಈಗ ತರಬೇತಿ ಶಿಬಿರ ಮಾಡಿ ಕಲಿಸುತ್ತಿದ್ದಾರೆ, ಕಲಿತವರು ಅದರಲ್ಲೇ ಸಂಪಾದನೆ ಮಾಡುತ್ತಿದ್ದಾರೆ. ದೋಟಿ ಗೆಲ್ಲಲಿ, ಬೈಕ್ ಗೆಲ್ಲಲಿ, ಚೆಂಬೇರಿಯ ಸಾಧನ ಗೆಲ್ಲಲಿ. ತೋಟದಲ್ಲಿ ತೀರ್ಮಾನವಾಗಲಿ ಅನ್ನುವುದಷ್ಟೇ ನನ್ನ ಮಾತು.

ಕೊನೆಗೆ ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಹೊಸ ಯಂತ್ರ ಬಂದ ದಿನ ಫೋಟೊ ಹಾಕುತ್ತೀರಿ, ಒಳ್ಳೆಯದು. ಎರಡು ಮಳೆಗಾಲ ಕಳೆದ ಮೇಲೆ ಅದನ್ನು ಕೊಂಡವರ ಮನೆಗೆ ನಿಮ್ಮ ವರದಿಗಾರರನ್ನು ಕಳುಹಿಸಿ. ಎಷ್ಟು ಮರಕ್ಕೆ ಒಂದು ಲೀಟರ್ ಪೆಟ್ರೋಲ್ ಬೇಕಾಯಿತು, ಚಕ್ರದ ರಬ್ಬರ್ ಎಷ್ಟು ಬೇಗ ಸವೆಯಿತು, ಬಿಡಿಭಾಗ ಎಲ್ಲಿ ಸಿಕ್ಕಿತು, ಯಾರಾದರೂ ಬಿದ್ದರಾ, ಹೆಂಗಸರು ಬಳಸುತ್ತಿದ್ದಾರಾ ಅಂತ ಕೇಳಿ ಬರೆಸಿ. ಮೂಲೆಗೆ ಎಸೆದಿದ್ದರೆ ಯಾಕೆ ಎಸೆದರು ಅಂತಲೂ ಬರೆಸಿ. ಮಾಡಿದವರಿಗೂ ಅದರಿಂದ ಪ್ರಯೋಜನ, ಕೊಳ್ಳುವವರಿಗೂ ಪ್ರಯೋಜನ. ಮೇ ತಿಂಗಳಲ್ಲಿ, ಮೊದಲ ಮದ್ದಿಗೆ ಮೊದಲು ಅಂಥದ್ದೊಂದು ಪುಟ ಬಂದರೆ ನಮ್ಮ ಕಡೆಯ ಸಹಕಾರಿ ಸಂಘದ ಗೋಡೆಗೆ ಅದನ್ನು ಅಂಟಿಸುವ ಕೆಲಸ ನನ್ನದು.

ಇತಿ,
ಒಬ್ಬ ಅಡಿಕೆ ಬೆಳೆಗಾರ್ತಿ,
ಸುಳ್ಯ ತಾಲ್ಲೂಕು, ದಕ್ಷಿಣ ಕನ್ನಡ